ಗಾಡಿಯ ಹಿಂದೆ ನಡೆದ ಮೇಲೆ

ಮಾನ್ವಿ
14 ನವೆಂಬರ್ 2024

ಮಾನ್ಯ ಪಂಪಾಪತಿ ಸರ್ ಅವರಿಗೆ ವಿಶಾಖಾ ಮಾಡುವ ನಮಸ್ಕಾರಗಳು.

ತಮ್ಮ ಮಾರ್ಗದರ್ಶನದಲ್ಲಿ ಕಸ ವಿಂಗಡಣೆ ಕುರಿತು ಬರೆದ ನನ್ನ ಪ್ರಬಂಧದ ಮುದ್ರಣವನ್ನು ನಿಲ್ಲಿಸಬೇಕೆಂದು ಕೋರುವುದೇ ಈ ಪತ್ರದ ಉದ್ದೇಶ. ಮಾನ್ವಿಯಲ್ಲಿ ನಾನು ಅಧ್ಯಯನ ಮಾಡಿದ ಬೀದಿಗಳಲ್ಲಿ ಶೇಕಡ 91 ಮನೆಗಳು ಹಸಿ ಕಸ, ಒಣ ಕಸ ಬೇರ್ಪಡಿಸಿ ಕೊಡುತ್ತವೆ ಎಂದು ಬರೆದದ್ದು ತಪ್ಪು. ವಿಲೇವಾರಿ ಘಟಕದ ಬಾಗಿಲಲ್ಲಿ ನಿಂತು, ಒಳಬರುವ ಗಾಡಿಗಳನ್ನಷ್ಟೇ ನೋಡಿದ್ದೆ.

ಸೋಮವಾರ ಒಂದು ಗಾಡಿಯ ಹಿಂದೆಯೇ ನಡೆದೆ. ಮನೆಯವರು ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಕೊಟ್ಟರು. ಘಟಕ ತಲುಪುವ ಮುನ್ನ, ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಗೋಪಮ್ಮ ಎಂಬ ಕಾರ್ಮಿಕರು ಬರಿಗೈಯಲ್ಲಿ ಅದನ್ನೆಲ್ಲ ಬೇರ್ಪಡಿಸಿದರು.

“ಕೂಡಿಸಿ ಒಯ್ದ್ರ ಒಳಗ ಬಿಡಂಗಿಲ್ಲಬೇ,” ಎಂದರು. “ಫಸ್ಟ್ ರ್‍ಯಾಂಕಿನಾಕಿ, ಮನಿಯಾಗ ಒಂದು ಮಾತು ಕೇಳಿದ್ರ ಸಣ್ಣಾಕಿ ಆಗ್ತಿದ್ದೇನು?”

ಗೋಪಮ್ಮ ನನ್ನ ತಾಯಿ. ಅವರಿಗೆ ಹೊಲದ ಕೆಲಸವೆಂದು ತಮಗೆ ಎರಡು ವರ್ಷ ಹೇಳುತ್ತ ಬಂದಿದ್ದೇನೆ. ಬೀದಿಯಲ್ಲಿ ಅವರ ಜೊತೆ ಕಾಣಿಸಿಕೊಳ್ಳಬಾರದೆಂದೇ ಬಾಗಿಲಲ್ಲಿ ನಿಂತಿದ್ದೆ.

ಪ್ರಬಂಧದಲ್ಲಿರುವ ದೇವದುರ್ಗದ ಅಂಕಿಗಳನ್ನೂ ಹೀಗೆಯೇ ಘಟಕದ ಬಾಗಿಲಲ್ಲಿ ನಿಂತು ಪಡೆದಿದ್ದೆ. ಎರಡೂ ಊರುಗಳಲ್ಲಿ ಗಾಡಿಗಳ ಜೊತೆ ನಡೆದು ಅಧ್ಯಯನವನ್ನು ಮತ್ತೆ ಮಾಡಲು ಒಂದು ತಿಂಗಳು ಕೊಡಿ. ಪ್ರಯೋಗಾಲಯದಲ್ಲಿ ದಪ್ಪ ಕೈಗವಸು ಇದ್ದರೆ ಒಂದು ಜೊತೆ ಕಳುಹಿಸಿ. ತಾಯಿಯ ಕೈ ಚಿಕ್ಕದು.

ಅಂಕಿ ತಪ್ಪೆಂದು ನಿನ್ನೆ ಫೋನಿನಲ್ಲಿ ತಿಳಿಸಿದಾಗ ತಾವು, “ಅದು ಹಂಗೇ ಇರ್ಲಿ ತಗಿಯಮ್ಮ, ಮುನ್ನುಡಿಯಾಗ ಕಾರ್ಮಿಕರಿಗೆ ಒಂದು ಥ್ಯಾಂಕ್ಸ್ ಬರದ್ರಾತು,” ಎಂದಿರಿ.

ಹಾಗೆ ಬರೆಯುವುದಿಲ್ಲ.

ಇಂತಿ,
ವಿಶಾಖಾ