ಮಾವನ ಗಡ್ಡ, ಬಾಳೆಹಣ್ಣಿನ ವಾಸನೆ

೧೨, ಮಂಗಳವಾರ

ತಲೆಗೆ ಸ್ನಾನ ಮಾಡಿದರೂ ಕೂದಲಿನಿಂದ ಬಾಳೆಹಣ್ಣಿನ ವಾಸನೆ ಹೋಗಿಲ್ಲ. ಹಣ್ಣಿನದಲ್ಲ, ಐಸೋಅಮೈಲ್ ಅಸಿಟೇಟಿನದು. ನೋಡಲು ನೀರಿನಂತೆ ತಿಳಿ, ಮುಚ್ಚಳ ತೆಗೆದರೆ ಕೋಣೆಯೆಲ್ಲ ಘಮಘಮ, ಬೆಂಕಿ ಸೋಕಿದರೆ ಭಗ್ಗೆನ್ನುತ್ತದೆ. ಮಿಠಾಯಿಯ ಪರಿಮಳಕ್ಕೂ ಅದೇ, ವಾರ್ನಿಷ್ ತೆಳು ಮಾಡುವುದಕ್ಕೂ ಅದೇ. ನಮ್ಮ ಕಾರ್ಖಾನೆಯಲ್ಲಿ ನಾನು ಅದರಿಂದ ಬಣ್ಣದ ಆವಿ ತಡೆಯುವ ಮಾಸ್ಕ್‌ಗಳ ಪರೀಕ್ಷೆ ಮಾಡುತ್ತೇನೆ. ಮಾಸ್ಕ್ ಹಾಕಿದವರನ್ನು ಪುಟ್ಟ ಡೇರೆಯೊಳಗೆ ನಿಲ್ಲಿಸಿ, ಈ ದ್ರವದಲ್ಲಿ ಅದ್ದಿದ ಕಾಗದ ತೂಗುಹಾಕುವುದು. ಬಾಳೆಹಣ್ಣಿನ ವಾಸನೆ ಬಂದರೆ ಮಾಸ್ಕ್ ಸೋರುತ್ತಿದೆ ಎಂದೇ ಲೆಕ್ಕ.

ಇವತ್ತು ನಮ್ಮ ಮಾವನ ಸರದಿ. ಅವರೂ ನಮ್ಮ ಕಾರ್ಖಾನೆಯಲ್ಲೇ ಸ್ಪ್ರೇ ಪೇಂಟರ್. ಎದೆಯುದ್ದದ ಗಡ್ಡವೆಂದರೆ ಪಂಚಪ್ರಾಣ. ಗಡ್ಡದ ಮೇಲೆ ಮಾಸ್ಕ್ ಕೂರುವುದಿಲ್ಲ, ಬಣ್ಣವೆಲ್ಲ ಎದೆಗೂಡಿಗೆ ಹೋಗುತ್ತದೆ ಎಂದು ಸೊಸೆಯಾದ ನಾನು ಎಷ್ಟು ಬಡಕೊಂಡರೂ ಕಿವಿಗೆ ಹಾಕಿಕೊಂಡವರಲ್ಲ.

"ವಾಸನೆ ಬರ್ತಿದೆಯಾ ಮಾವ?"

"ಏನೂ ಇಲ್ಲಮ್ಮ. ಪಾಸು ಅಂತ ಬರ್ಕೋ."

ಪೆನ್ನು ತೆಗೆದೆ. ಡೇರೆಯೊಳಗಿನಿಂದಲೇ ಮತ್ತೆ ದನಿ: "ಬೇಗ ಮುಗಿಸಮ್ಮ, ಯಾಕೋ ಬಾಳೆಹಣ್ಣು ತಿನ್ನೋ ಆಸೆ ಆಗ್ತಿದೆ."

ಆಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸಂಜೆ ಸೀದಾ ಕ್ಷೌರದ ಅಂಗಡಿಗೆ ಹೋಗಿ, ಬೋಳು ಗಲ್ಲದೊಂದಿಗೆ ಊಟಕ್ಕೆ ಬಂದು ಕೂತರು. ಅತ್ತೆ ಸೌಟು ಹಿಡಿದು ನಿಂತೇಬಿಟ್ಟರು.

"ಈ ಗಲ್ಲದ ಗುಳಿ ನೋಡೇ ಕಣಮ್ಮ ನಾನು ಮದುವೆಗೆ ಒಪ್ಪಿದ್ದು. ಇಷ್ಟು ವರ್ಷ ಎಲ್ಲಿಟ್ಟಿದ್ರೋ!"

ಮಾವ ಕಿವಿತನಕ ಕೆಂಪಾದರು. ಅವರು ನಾಚಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಅದನ್ನೂ ಗಡ್ಡದೊಳಗೇ ಬಚ್ಚಿಟ್ಟಿದ್ದರೋ ಏನೋ…