ತೊಟ್ಟಿಯ ಪಕ್ಕದ ಸ್ವಿಚ್

ಲ್ಯಾಂಪೀಟರ್, ಗುರುವಾರ, ನವೆಂಬರ್ ೧೪

ಹೆಂಡತಿ ಮೆರಿಯೆಲಳನ್ನು ನಾನೇ ಕೊಂದುಬಿಡುತ್ತಿದ್ದೆನೆಂಬ ಯೋಚನೆ ಬಿಡುತ್ತಿಲ್ಲ.

ಚಾವಣಿಯಿಂದ ಇಳಿಬಿಟ್ಟ, ಎಳೆದರೆ ದೀಪ ಹೊತ್ತುವ ದಾರವನ್ನು ಅವಳ ಸಂಧಿವಾತದ ಬೆರಳುಗಳು ಎಳೆಯಲಾರವೆಂದು, ಸ್ನಾನದ ಮನೆಯನ್ನು ನವೀಕರಿಸುವಾಗ ತೊಟ್ಟಿಯ ಪಕ್ಕದ ಗೋಡೆಗೆ ನಾನೇ ಸ್ವಿಚ್ ಕೂರಿಸಿದ್ದೆ.

ಇಂದು ವೈರಿಂಗ್ ಪರೀಕ್ಷಿಸಲು ಬಂದ ಎಲೆಕ್ಟ್ರಿಷಿಯನ್ ಗ್ಲೆನಿಸ್ ನನ್ನ ಹಳೆಯ ವಿದ್ಯಾರ್ಥಿನಿ.

"ಏನ್ ಸಾರ್ ಇದು? ಒದ್ದೆ ಕೈಲಿ ಮುಟ್ಟಿದ್ರೆ ಮೇಡಂ ಗತಿ ಏನು? ನಾನಂತೂ ಸರ್ಟಿಫಿಕೇಟ್‌ಗೆ ಸಹಿ ಹಾಕಲ್ಲ."

"ಇವರನ್ನ ಫೇಲ್ ಮಾಡೋಳು ಕೊನೆಗೂ ಸಿಕ್ಕಿದ್ಲಪ್ಪ!" ಎಂದು ಮೆರಿಯೆಲ್ ನಕ್ಕಳು.

ಗ್ಲೆನಿಸ್ ಸ್ವಿಚ್ಚನ್ನು ಬಾಗಿಲಿನ ಹೊರಕ್ಕೆ, ಮೊಣಕೈಯ ಎತ್ತರಕ್ಕೆ ಸರಿಸಿ, ಮತ್ತೆ ಪರೀಕ್ಷಿಸಿ, ಪ್ರಮಾಣಪತ್ರ ಬರೆದುಕೊಟ್ಟಳು.

ಈಗ ಮೆರಿಯೆಲ್ ಮೊಣಕೈಯಿಂದಲೇ ದೀಪ ಹಾಕಿಕೊಂಡು, ಒಳಗೆ ಹಾಡುತ್ತ ಸ್ನಾನ ಮಾಡುತ್ತಿದ್ದಾಳೆ. ಶ್ರುತಿ ಎಂದಿನಂತೆ ತಪ್ಪಿದೆ. ತಿದ್ದಲು ಇಂದು ಮನಸ್ಸು ಬಾರದು.