ಬೀದರಿಂದ ಶಿವಮೊಗ್ಗಕ್ಕೆ ಗೆರೆ ಎಳೆದ ಹಾಗೆ

ಜೀವನ್ ಬಿಮಾ ನಗರ, ಬೆಂಗಳೂರು
ಭಾನುವಾರ, 2 ನವೆಂಬರ್ 2025

ಪ್ರೀತಿಯ ವಾದಣ್ಣಂಗೆ,

ನಮಸ್ಕಾರ. ನೀನು ಎರಡು ಸಲ ಫೋನ್ ಮಾಡಿದ್ರೂ ಎತ್ತಲಿಲ್ಲ, ಬೇಜಾರ್ ಮಾಡ್ಕೋಬೇಡ. ಎತ್ತಿದ್ರೆ ನೀನೇ ಮಾತಾಡ್ತೀಯ. ಅದಕ್ಕೇ ಈ ವಾಯ್ಸ್ ನೋಟು. ಕಾಗದ ಅಂದ್ಕೊಂಡು ಪೂರ್ತಿ ಕೇಳು, ಓಡಿಸ್ಬೇಡ. ಅತ್ತಿಗೆ ಮಂಡಿ ನೋವು ಹೇಗಿದೆ? ಇಲ್ಲಿ ಎಲ್ಲ ಎಂದಿನ ಹಾಗೇ; ಮಾರತ್ತಹಳ್ಳಿ ಕಡೆ ಟ್ರಾಫಿಕ್ಕಿಗೆ ಸಿಕ್ಕಿದ್ರೆ ವಾಪಸ್ ಬರೋದು ದೇವರ ಚಿತ್ತ.

ಜಲಜಕ್ಕನ ಮಗಳು ಗಗನಾ ಮದುವೆ ತಿಂಗಳ ಕೊನೇಲಿ. ಸೋದರಮಾವ ಕೈ ಹಿಡ್ಕೊಂಡು ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರ್ಬೇಕು. ನಮ್ಮಿಬ್ಬರಲ್ಲಿ ಹಿರಿಯ ನೀನು. ಮೊನ್ನೆ ಕೇಳಿದ್ರೆ, "ಬೀದರ್ ಎಲ್ಲಿ, ಶಿವಮೊಗ್ಗ ಎಲ್ಲಿ! ನೀನೇ ಹೋಗ್ಬಾರೋ" ಅಂದೆ. ಅಕ್ಕನೂ ಅಷ್ಟೇ: "ಅವನಿಗೆ ದೂರ ಆಗತ್ತೆ ಬಿಡೋ. ಪಂಕ್ತೀಲಿ ಅವನನ್ನ ಎಲ್ಲಿ ಕೂರಿಸ್ಬೇಕು ಅಂತ ಟೇಪ್ ಹಿಡ್ಕೊಂಡು ಅಳೆಯೋಕೆ ನನ್ ಕೈಲಾಗಲ್ಲ."

ಎಷ್ಟು ದೂರ ಅಂತ ಫೋನಲ್ಲಿ ನೋಡೇಬಿಟ್ಟೆ. ಬೀದರ್ ಏರ್‌ಪೋರ್ಟಿಂದ ಶಿವಮೊಗ್ಗ ಏರ್‌ಪೋರ್ಟಿಗೆ ಗೆರೆ ಎಳೆದ ಹಾಗೆ ಹೋದ್ರೆ ಐನೂರು ಕಿಲೋಮೀಟರೂ ಇಲ್ಲ. ಹಾರೋಕೆ ಒಂದು ಗಂಟೆ ಚಿಲ್ಲರೆ ಅಂತ ಬರೆದಿತ್ತು. ಖುಷಿಯಾಗಿ ಟಿಕೆಟ್ ಹುಡುಕಿದ್ರೆ ನೇರ ವಿಮಾನಾನೇ ಇಲ್ಲ! ಹಾರದೇ ಇರೋ ವಿಮಾನಕ್ಕೂ ಟೈಮ್ ಲೆಕ್ಕ ಹಾಕಿಟ್ಟಿದಾರೆ ಪುಣ್ಯಾತ್ಮರು. ಬೆಂಗಳೂರಿಗೆ ಬಂದೇ ಹೋಗ್ಬೇಕಂತೆ.

ಬೆಂಗಳೂರು ಅಂದ್ರೆ ನಾನು. ಅಕ್ಕನ ಮನೆ ಗೃಹಪ್ರವೇಶದ ದಿನ ಅವಳು ನಿನ್ನ ಕೊನೇ ಪಂಕ್ತೀಲಿ ಕೂರಿಸಿದ್ಲು ಅಂತ ನೀವು ಮಾತು ಬಿಟ್ಟಾಗಿಂದ, ನಿನ್ನ ಕೋಪ, ಅವಳ ಅಳು ಎರಡೂ ಇಳಿಯೋದು ನಮ್ಮನೆ ನಡುಮನೇಲೇ. ನಮ್ಮ ಪಕ್ಕ ಇದ್ದ ಏರ್‌ಪೋರ್ಟು ದೇವನಹಳ್ಳಿಗೆ ಹೋಗಿ ಯಾವ ಕಾಲ ಆಯ್ತು, ನಿಮ್ಮಿಬ್ಬರಿಗೆ ಮಾತ್ರ ಇನ್ನೂ ನಮ್ಮನೆ ಪಕ್ಕಾನೇ ಇದೆ. ನೀವು ಇಳೀತೀರ, ಹತ್ತಿ ಹೋಗ್ತೀರ. ನಾನು ತಪಾಸಣೆ ಆದ್ಮೇಲೆ ಒಳಗೆ ಸಿಕ್ಕಾಕೊಂಡವನ ಥರ: ಹೊರಗೆ ಬಿಡಲ್ಲ, ನನ್ನ ವಿಮಾನದ ಹೆಸರು ಕೂಗೋದೂ ಇಲ್ಲ. ನಿನ್ನ ಪರ ಒಂದು ಮಾತಾಡಿದ್ರೆ "ಅಣ್ಣನ ಚೇಲ" ಅಂತಾಳೆ. ಅವಳ ಪರ ಆಡಿದ್ರೆ ನೀನು ಫೋನ್ ಇಟ್ಬಿಡ್ತೀಯ.

ನಿನ್ನೆ ಗಗನಾ ಫೋನ್ ಮಾಡಿದ್ಲು. "ಶ್ರೀಕಂಠ ಮಾಮ, ನೀವು ಬಂದ್ರೆ ನಂಗೆ ಖುಷೀನೇ. ಆದ್ರೆ ಚಿಕ್ಕೋಳಿದ್ದಾಗಿಂದ ದೊಡ್ಡಮಾಮ ಹೇಳ್ತಿದ್ರಲ್ಲ, ನಿನ್ನ ಕರ್ಕೊಂಡು ಹೋಗೋನು ನಾನೇ ಅಂತ. ಮರ್ತೇಬಿಟ್ರಾ?"

ಅದಕ್ಕೇ ಹೇಳ್ತಿದೀನಿ, ನಾನು ಕೈ ಹಿಡಿಯಲ್ಲ. ಅಕ್ಕಂಗೂ ಹೇಳ್ಬಿಟ್ಟೆ. ಒಂದೋ ನೀನು, ಇಲ್ಲಾಂದ್ರೆ ಹುಡುಗಿ ಒಬ್ಬಳೇ ನಡ್ಕೊಂಡು ಬರ್ತಾಳೆ. ಅಕ್ಕನ ನಂಬರ್ ನಿನ್ನ ಹತ್ರ ಇದೆ. ನನ್ನ ಕೈಲಿ ಹೇಳಿ ಕಳಿಸ್ಬೇಡ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಒಳ್ಳೇದಾಗ್ಲಿ. ಬೈದ್ರೂ ಪರವಾಗಿಲ್ಲ, ಆಶೀರ್ವಾದ ಮಾಡು.

ನಿನ್ನ ತಮ್ಮ,
ಶ್ರೀಕಂಠ

ಇನ್ನೊಂದು ಮಾತು. ಈ ಸಲ ನಮ್ಮನೇಲಿ ಇಳ್ಕೋಬೇಡ. ನನ್ನ ಹೆಂಡತಿ ಹಂಸ ದಸರಾ ಮುಗಿದ ಮೇಲೆ ಕೆ.ಆರ್. ಪುರದ ತವರಿಗೆ ಹೋದೋಳು ಬಂದಿಲ್ಲ. "ಇದು ಮನೆಯೇನ್ರೀ? ನಿಮ್ಮಣ್ಣ, ನಿಮ್ಮಕ್ಕಂದು ಬಸ್ ಸ್ಟ್ಯಾಂಡು" ಅಂದು ಹೋದ್ಲು. ಆಮೇಲೆ ನೀನು ಮಂಗಳೂರಿಗೆ ಹೋಗೋ ದಾರೀಲಿ ಬಂದು ಮಲಗೆದ್ದು ಹೋದೆ. ಅಕ್ಕ ಮದುವೆ ಸೀರೆ ತಗೊಳ್ಳೋಕೆ ಬಂದು ಬ್ಯಾಗ್ ಇಟ್ಟು ಹೋದ್ಲು. ಇಬ್ಬರಿಗೂ ಕಾಫಿ ನಾನೇ ಮಾಡ್ಕೊಟ್ಟೆ. ಹಂಸ ಎಲ್ಲಿ ಅಂತ ಇಬ್ಬರೂ ಕೇಳ್ಲಿಲ್ಲ. ಬಾಗಿಲಲ್ಲಿ ಚಪ್ಪಲಿ ಹಾಕ್ಕೊಳ್ತಾ ಇಬ್ಬರೂ ಹೇಳಿದ್ದು ಒಂದೇ ಮಾತು: "ಕಾಫಿ ಚೆನ್ನಾಗಿತ್ತು ಅಂತ ಹಂಸಂಗೆ ಹೇಳಪ್ಪ."